ಚಾರ್ಜ್ ಹಿಡಿಯದ ಬೇಸಿಗೆ

ಬೈಲಹೊಂಗಲದ ನಮ್ಮ ಮನೆಯಲ್ಲಿ ಆ ಬೇಸಿಗೆ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ನಾನು. ಎದ್ದವಳೇ ಅಂಗಳಕ್ಕೆ ಹೋಗಿ ಕಾರಿನ ಚಾರ್ಜರ್ ನೋಡುತ್ತಿದ್ದೆ. ಹಸಿರು ದೀಪವಿದ್ದರೆ ಹೊರಡಬಹುದು. ಕೆಂಪು ಮಿಣುಕುತ್ತಿದ್ದರೆ ರಾತ್ರಿಯೆಲ್ಲ ಚಾರ್ಜ್ ಆಗಿಲ್ಲ ಎಂದರ್ಥ.

ಲಕ್ವಾ ಹೊಡೆದವರ, ಮೂಳೆ ಮುರಿದವರ ಮನೆಗಳಿಗೆ ಹೋಗಿ ಕೈಕಾಲಿನ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಒಂದು ದಿನ ಕಿತ್ತೂರು, ಇನ್ನೊಂದು ದಿನ ಸವದತ್ತಿ, ಮತ್ತೊಂದು ದಿನ ರಾಮದುರ್ಗ ದಾಟಿ ಸುರೇಬಾನ. ಈ ತಿರುಗಾಟಕ್ಕೆಂದೇ ಕೊಂಡ ಎಲೆಕ್ಟ್ರಿಕ್ ಕಾರು ಚಳಿಗಾಲ ಕಳೆಯುವವರೆಗೆ ತಕರಾರು ಮಾಡಲಿಲ್ಲ. ಬಿಸಿಲು ಏರಿದಂತೆ ಶುರುವಾಯಿತು. ಇವತ್ತು ಚಾರ್ಜ್ ಆಗುತ್ತದೆ, ನಾಳೆ ಇಲ್ಲ, ನಾಡಿದ್ದು ಮತ್ತೆ ಆಗುತ್ತದೆ.

ಪೂರ್ತಿ ಕೆಟ್ಟಿದ್ದರೆ ಇಷ್ಟು ತಲೆ ಕೆಡುತ್ತಿರಲಿಲ್ಲ. ಬೆಳಗಾವಿಯ ಶೋರೂಮಿಗೆ ಒಯ್ದು ತೋರಿಸಿದರೆ ಅಲ್ಲಿ ಯಾವ ತೊಂದರೆಯೂ ಇಲ್ಲದೆ ಚಾರ್ಜ್ ಆಯಿತು. ದವಾಖಾನೆಯ ಮೆಟ್ಟಿಲು ಹತ್ತಿದ ಕೂಡಲೇ ನೋವು ಮಾಯವಾಗುವ ಪೇಶಂಟುಗಳನ್ನು ನಾನೂ ಕಂಡವಳೇ. ಮನೆಯ ವೈರಿಂಗ್ ನೋಡಿಸಿ ಎಂದರು ಶೋರೂಮಿನವರು. ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಬಂದು ಪ್ಲಗ್ ಪಾಯಿಂಟನ್ನೇ ಹೊಸದು ಹಾಕಿದ. ಸ್ವಲ್ಪ ದಿನ ಸರಿಯಿತ್ತು, ಆಮೇಲೆ ಮತ್ತೆ ಕೆಂಪು.

"ಅಕ್ಕಾರ, ಕರೆಂಟ್ ಚಲೋ ಬರಾಕ್ಹತ್ತೈತ್ರಿ. ಫ್ಯಾನ್, ಫ್ರಿಜ್ ಎಲ್ಲಾ ನಡದಾವು. ಗಾಡ್ಯಾಗ ಏನೋ ಐತಿ ನೋಡ್ರಿ," ಎಂದ.

ಹೀಗಿರುವಾಗ ಒಂದು ದಿನ ಅರ್ಧ ಚಾರ್ಜಿನಲ್ಲೇ ಸುರೇಬಾನಕ್ಕೆ ಹೋದೆ. ಅಲ್ಲಿದ್ದವರು ವರ್ಷಾನುಗಟ್ಟಲೆ ರೊಟ್ಟಿ ಖಾನಾವಳಿ ನಡೆಸಿದ್ದ ಒಬ್ಬ ಅಜ್ಜಿ, ಎಲ್ಲರಿಗೂ ಆಯಿ. ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಖಾನಾವಳಿಯನ್ನು ಸೊಸೆ ನೋಡಿಕೊಳ್ಳುತ್ತಿದ್ದಳು. "ಈ ಕೈ ಸತ್ತೈತಿ, ಯಾಕ ಸುಮ್ನ ತಿಕ್ಕತಿ?" ಎಂದು ಆಯಿ ನನ್ನ ಮೇಲೆ ಸಿಟ್ಟಾಗುತ್ತಿದ್ದರು. ಅವತ್ತು ವಾಪಸ್ ಬರಲು ಚಾರ್ಜ್ ಸಾಲದೆಂದು ಹೇಳಿದಾಗ ಸೊಸೆ ಗ್ರೈಂಡರಿನ ಪ್ಲಗ್ ಕಿತ್ತು ಜಾಗ ಮಾಡಿಕೊಟ್ಟಳು. ಕಾರಿನಲ್ಲೇ ಇಟ್ಟುಕೊಂಡಿದ್ದ ಚಾರ್ಜರ್ ಹಚ್ಚಿದ ಕೂಡಲೇ ಹಸಿರು ದೀಪ!

"ಗಾಡಿ ಹೊಟ್ಟಿ ತುಂಬೂತನಕ ನೀನೂ ಒಂದು ತುತ್ತು ಉಣ್ಣವಾ," ಎಂದರು ಆಯಿ.

ಅಂತಹ ಪ್ಲಗ್ಗಿನಲ್ಲಿ ಚಾರ್ಜ್ ನಿಧಾನ. ಮಧ್ಯಾಹ್ನವೆಲ್ಲ ಕೂರಬೇಕಾಯಿತು. ಸದಾ ಗಡಿಬಿಡಿಯಲ್ಲಿ ಮುಗಿಸುತ್ತಿದ್ದ ವ್ಯಾಯಾಮವನ್ನು ಅಂದು ಸಾವಕಾಶವಾಗಿ ಮಾಡಿಸಿದೆ. ಒದ್ದೆ ಟವೆಲ್ ಹಿಂಡಿಸಿದೆ, ಜೋಳದ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಒತ್ತಿಸಿದೆ. ನಡುನಡುವೆ ಅವರು ಖಾನಾವಳಿಯ ಕಥೆ ಹೇಳುತ್ತಿದ್ದರು. ಮಾತಿನ ಭರದಲ್ಲಿ ಬೆರಳು ತಾನಾಗಿ ಬಾಗಿದ್ದು ಅವರಿಗೆ ಗೊತ್ತೇ ಆಗಲಿಲ್ಲ, ನಾನು ನೋಡಿದೆ. ಮುಂದಿನ ವಾರಗಳಲ್ಲೂ ಅಲ್ಲೇ ವೈರ್ ಹಚ್ಚಿ ಕೂತೆ. ಒಂದು ಸಲವೂ ಕೆಂಪು ಬರಲಿಲ್ಲ.

ಆಗ ನನಗೆ ಒಂದು ಮಾತು ಖಾತ್ರಿಯಾಯಿತು. ಕಾರು ಅದೇ, ವೈರ್ ಅದೇ, ಇಲ್ಲಿ ಆಗುವುದು ಮನೆಯಲ್ಲಿ ಯಾಕಾಗುವುದಿಲ್ಲ? ದೋಷ ನಮ್ಮ ಮನೆಯದೇ, ಅದೂ ಬಂದು ಹೋಗುವಂಥದು. ಊರಿಗೆ ಮರಳಿ, ಹಗಲೆಲ್ಲ ಮನೆಯಲ್ಲೇ ಇರುವ ಅತ್ತೆಯನ್ನು ಕೇಳಿದೆ.

"ಅತ್ತಿ, ಮೊನ್ನೆ ಚಾರ್ಜ್ ಆತು, ನಿನ್ನೆ ಆಗಲಿಲ್ಲ. ಮೊನ್ನೆ ಮನ್ಯಾಗ ಬ್ಯಾರೆ ಏನು ನಡದಿತ್ರಿ?"

"ಏನಿಲ್ಲವಾ. ಕೌದಿ ಒಗದಿದ್ದೆ, ಅಷ್ಟ."

ಕೌದಿಯಂಥ ದಪ್ಪ ಹೊದಿಕೆ ಒಗೆದರೆ ಕೊಡಗಟ್ಟಲೆ ನೀರು ಹಿತ್ತಲ ಗೋಡೆಯ ಗುಂಟ ಹರಿದುಹೋಗುತ್ತದೆ. ಅಲ್ಲೇ ಮನೆಯ ಕರೆಂಟಿನ ಅರ್ಥಿಂಗ್ ವೈರು ನೆಲಕ್ಕಿಳಿಯುವ ಗುಂಡಿ. ಹೋಗಿ ನೋಡಿದರೆ ಎರೆಮಣ್ಣು ಬಿಸಿಲಿಗೆ ಬಿರಿದು, ನೆಲದಲ್ಲಿ ಹುಗಿದ ಪೈಪಿನ ಸುತ್ತ ಬೆರಳು ಹೋಗುವಷ್ಟು ಸಂದಿಯಾಗಿತ್ತು. ಕೊಡ ತಂದು ನೀರು ಸುರಿದೆ, ಮತ್ತೊಂದು ಕೊಡ ಸುರಿದೆ. ಚಹಾ ಕುಡಿದು ಬಂದು ಚಾರ್ಜರ್ ಹಚ್ಚಿದೆ. ಹಸಿರು.

"ಅಯ್ಯ ಶಿವನ! ಗಾಡಿಗಿ ನೀರಡಿಕಿ ಆಗಿತ್ತೇನವಾ?" ಎಂದು ಅತ್ತೆ ಬಿದ್ದು ಬಿದ್ದು ನಕ್ಕರು.

ಎಲೆಕ್ಟ್ರಿಷಿಯನ್ ಮೀಟರ್ ತಂದು ಪರೀಕ್ಷೆ ಮಾಡಿದ. "ಮಣ್ಣು ಒಣಗಿ ಅರ್ಥಿಂಗ್ ಕೈ ಬಿಟ್ಟಿತ್ರಿ ಅಕ್ಕಾರ. ಅರ್ಥಿಂಗ್ ಇಲ್ಲದಿದ್ರೂ ಫ್ಯಾನ್ ತಿರಗತೈತಿ. ಈ ಚಾರ್ಜರ್ ಮಾತ್ರ, ಶಾಕ್ ಹೊಡದೀತು ಅಂತ ತಾನ ಬಂದ್ ಆಗತೈತಿ. ಅದು ನಿಮ್ಮನ್ನ ಕಾಯಾಕ್ಹತ್ತಿತ್ತು," ಎಂದ. ಅಷ್ಟು ದಿನ ಬೈದ ಚಾರ್ಜರ್ ಡಬ್ಬಿಯನ್ನು ನಾನು ಸೆರಗಿನಿಂದ ಒರೆಸಿದೆ. ಬಚ್ಚಲ ನೀರಿನ ತೇವ ಆರದ ಜಾಗ ನೋಡಿ ಅವನು ಆಳವಾಗಿ ಹೊಸ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿ ಕೊಟ್ಟ. ಕೆಂಪು ದೀಪ ಆಮೇಲೆ ಕಾಣಲಿಲ್ಲ.

ಮುಂದಿನ ಸಲ ಸುರೇಬಾನಕ್ಕೆ ಹೋದಾಗ ಪೂರ್ತಿ ಚಾರ್ಜ್ ಇತ್ತು. ನಾನು ಬರಿಗೈಯಲ್ಲಿ ಒಳಗೆ ಬಂದದ್ದನ್ನು ಆಯಿ ಗಮನಿಸಿದರು.

"ಇವತ್ತ ವಾಯರ್ ತಗೀಲಿಲ್ಲಲ್ಲ? ಲಗೂನ ಹೋಗಾಕಿ ಏನು?"

"ಇಲ್ರಿ ಆಯಿ. ಗಾಡಿ ಮನ್ಯಾಗ ಉಂಡು ಬಂದೈತಿ. ನಾ ಉಂಡಿಲ್ಲ."

ಆಯಿ ಸೊಸೆಯ ಕಡೆ ತಿರುಗಿ, "ಕೊಣಮಿಗಿ ಈ ಕಡೆ ಸರಸು," ಎಂದರು. ರೊಟ್ಟಿ ಬಡಿಯುವ ಆ ಮರದ ಹರಿವಾಣದಲ್ಲಿ ಹಿಟ್ಟು ಉದುರಿಸಿ, ಉಂಡೆಯಿಟ್ಟು, ಎಡಗೈಯಿಂದ ತಿರುಗಿಸುತ್ತ ಬಲಗೈಯಿಂದ ಬಡಿಯತೊಡಗಿದರು. ಕೈ ಸೋತು ನಿಲ್ಲುತ್ತಿತ್ತು, ಮತ್ತೆ ಏಳುತ್ತಿತ್ತು. ಸೊಸೆ ನೆರವಿಗೆ ಬಾಗಿದಾಗ ಕಣ್ಣಿನಲ್ಲೇ ತಡೆದರು. ರೊಟ್ಟಿ ಒಂದು ಕಡೆ ದಪ್ಪ, ಅಂಚೆಲ್ಲ ಒಡಕು. ಹಂಚಿನ ಮೇಲೆ ಅರ್ಧವಷ್ಟೇ ಉಬ್ಬಿತು.

"ಚಂದ ಆಗಿಲ್ಲ," ಎಂದರು ಆಯಿ, ಬೆವರು ಒರೆಸಿಕೊಳ್ಳುತ್ತ. ನಾನು ಆಗಲೇ ಇನ್ನೊಂದು ತುತ್ತು ಮುರಿಯುತ್ತಿದ್ದೆ. ಬಾಯಿ ತುಂಬ ರೊಟ್ಟಿಯಿತ್ತು.