ಜೀಪಿನ ಮುಂದಿನ ಸೀಟು

ಹಿಂದಿನ ಬೀದಿಯ ರೇಡಿಯೋ ರಿಪೇರಿಯವನ ಪ್ರತಾಪ ನನ್ನ ಕಿವಿಗೆ ಮೊದಲು ಬಿದ್ದದ್ದು, ಅವನ ಹೆಂಡತಿ ಒಂದು ಮೆತ್ತೆ ಹೊಲಿಸಿಕೊಳ್ಳಲು ನನ್ನ ಬಳಿ ಬಂದ ದಿನ.

“ನಮ್ಮನೆಯವರು ಜೀಪಿಗೆ ಕಂಪ್ಯೂಟರ್ ಕೂರಿಸ್ತಿದ್ದಾರೆ ಅಕ್ಕಾ. ಗುಡ್ಡದ ಕಲ್ಲುದಾರೀಲಿ ಅದಕ್ಕೆ ಮೈಕೈ ನೋವು ಬರಬಾರದಂತೆ.”

“ನಿನಗೆ?”

“ನನ್ನ ಸೀಟು ಬಿಚ್ಚಿ ಅಲ್ಲೇ ಅದನ್ನ ಕೂರಿಸ್ತಿರೋದು. ನಾನು ಹಿಂದೆ, ಸ್ಪೇರ್ ಟೈರ್ ಮೇಲೆ.”

ಮಹಾನುಭಾವ ಮೂರು ವಾರ ಅಂಗಡಿಯ ಬಾಗಿಲು ಹಾಕಿ, ಬ್ಯಾಟರಿಯಿಂದ ವೈರು ಎಳೆದು, ಕಂಪ್ಯೂಟರನ್ನು ಬೋಲ್ಟು ಹಾಕಿ ಬಿಗಿದ. ಎರಡು ಸಲ ಫ್ಯೂಸು ಸುಟ್ಟ, ಒಂದು ಸಲ ತನ್ನ ಹುಬ್ಬು. ಕೊನೆಗೆ ಇಂಜಿನ್ನಿನ ಬಿಸಿ, ಜೀಪು ಎಷ್ಟು ವಾಲಿದೆ ಎಂಬುದೆಲ್ಲ ಪರದೆಯ ಮೇಲೆ ಮೂಡಿತು. ಹೆಂಡತಿ ವಾಲಿದ್ದೊಂದು ಮೂಡಲಿಲ್ಲ. ಮೊದಲ ಸವಾರಿಯಲ್ಲೇ ಆಕೆಯ ಹಣೆ ಕಬ್ಬಿಣಕ್ಕೆ ಬಡಿದು ಊದಿಕೊಂಡಿತು.

“ಕಂಪ್ಯೂಟರಿಗೇನೂ ಆಗ್ಲಿಲ್ಲ ತಾನೆ?” ಎಂದನಂತೆ ಪುಣ್ಯಾತ್ಮ.

ಮರುದಿನವೇ ಆಕೆ ಗುಡ್ಡದಾಚೆಯ ಅಣ್ಣನ ಮನೆಗೆ ಹೊರಟಳು. ಮುಂದಿನ ಸೀಟು ವಾಪಸು ಬಂದರೆ ಮಾತ್ರ ತಾನೂ ಬರುವುದಾಗಿ ನನ್ನೆದುರೇ ಹೇಳಿ ಹೋದಳು.

ಎಂಟು ದಿನ ತಾನೇ ಬೇಯಿಸಿಕೊಂಡು ತಿಂದ ಮೇಲೆ ಅವನಿಗೆ ಜ್ಞಾನೋದಯವಾಯಿತು. ಕಂಪ್ಯೂಟರು ಹಿಂದಕ್ಕೆ ಹೋಯಿತು, ಸೀಟು ಮುಂದಕ್ಕೆ ಬಂತು, ಜೀಪು ನನ್ನ ಬಾಗಿಲಿಗೆ ಬಂತು.

“ಹೋಗಿ ಕರ್ಕೊಂಡು ಬಾರಪ್ಪ, ಇಲ್ಲೇನು ನಿಂತಿದ್ದೀಯ?” ಎಂದೆ.

ಅವನು ತಲೆ ಕೆರೆದುಕೊಂಡ. ಕೊನೆಗೆ ಅವನು ನನ್ನನ್ನು ಕೇಳಿದ್ದು ಇಷ್ಟು:

“ಅವರಣ್ಣನ ಮನೆ ದಾರಿ ಕಂಪ್ಯೂಟರಿಗೆ ಗೊತ್ತಿಲ್ಲ ಅಕ್ಕಾ. ಯಾವಾಗ್ಲೂ ಅವಳೇ ಹೇಳೋಳು. ನೀವೊಮ್ಮೆ ಅವಳ ಜೊತೆ ಅಲ್ಲಿಗೆ ಹೋಗಿದ್ರಲ್ಲ, ನಿಮಗೆ ಗೊತ್ತು, ಜೊತೆಗೆ ಬರ್ತೀರಾ? ಆದ್ರೆ ಹಿಂದೆ ಕೂತ್ಕೋಬೇಕು. ಮುಂದಿಂದು ಅವಳದು.”