ಬುತ್ತಿಗೆ ಬಾಗಿಲು ಹಾಕಿದ ವರ್ಷ

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಸುಮ್ಮನೆ ಬಂದದ್ದಲ್ಲ. ಮೂರು ವರ್ಷ ಹೊಳೆನರಸೀಪುರದಿಂದ ಹಾಸನಕ್ಕೆ ಬಸ್ಸಿನಲ್ಲಿ ಹೆಚ್ಚು ದಿನ ನಿಂತುಕೊಂಡೇ ಹೋಗಿ ಬಿ.ಕಾಂ. ಮುಗಿಸಿದೆ. ಆ ಡಿಗ್ರಿಯಿಂದ ಆದ ಒಳ್ಳೆಯದನ್ನೆಲ್ಲ ಬೇರೆ ಕಡೆ ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು ನಾನು ಮಾಡಿದ ಒಂದು ತಪ್ಪಿನ ವಿಷಯ. ಓದದೇ ಇದ್ದವರು ಆ ತಪ್ಪು ಮಾಡುತ್ತಿರಲಿಲ್ಲ.

ಅವ್ವ ಆಗಲೂ ಈಗಲೂ ಕೆಲಸ ಮಾಡುವುದು ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ರಸ್ತೆ ಬದಿಯ ಒಂದು ಪಾರ್ಕಿನಲ್ಲಿ. ಗುಡಿಸುವುದು, ಗಿಡಗಳಿಗೆ ನೀರು ಬಿಡುವುದು ಅವಳ ಕೆಲಸ. ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯೊಬ್ಬರು ತಮ್ಮ ನಾಲ್ಕು ಎಕರೆ ಜಮೀನಿನಲ್ಲಿ ಅದನ್ನು ಮಾಡಿದ್ದರು. ಒಂದು ಪುಟಾಣಿ ರೈಲು, ಒಂದಷ್ಟು ಉಯ್ಯಾಲೆ, ಎರಡು ಜಾರುಬಂಡೆ, ಮೊಣಕಾಲುದ್ದ ನೀರಿನ ಕೊಳ, ಅದರಲ್ಲಿ ಹಂಸದ ಆಕಾರದ ಎರಡು ದೋಣಿ. ಒಂದು ಹಂಸದ ಕೊಕ್ಕು ಮುರಿದು ಅದು ಬಾತುಕೋಳಿಯಾಗಿತ್ತು. ಇವೆಲ್ಲಕ್ಕಿಂತ ಚೆನ್ನಾಗಿದ್ದದ್ದು ಮರಗಳು. ಹೊಂಗೆ, ನೇರಳೆ, ಮಾವು. ಯಜಮಾನರ ತಂದೆ ನೆಟ್ಟವು.

ಗೇಟಿನಲ್ಲಿ ಟಿಕೆಟ್ಟು ಕೊಂಡು ಒಳಗೆ ಬಂದರೆ ಭಾನುವಾರ ಆ ಮರಗಳ ಕೆಳಗೆ ಜಾಗ ಇರುತ್ತಿರಲಿಲ್ಲ. ಮಗುವಿನ ಮುಡಿ ತೆಗೆಸಿ ಬಂದವರು, ಹೆಣ್ಣು ನೋಡಿ ಬಂದವರು, ರುದ್ರಪಟ್ಟಣದ ಸಂಗೀತ ಉತ್ಸವ ಮುಗಿಸಿ ಬರುವವರು, ಎಲ್ಲರೂ ಬುತ್ತಿ ಬಿಚ್ಚುವುದಕ್ಕೆ ಅಲ್ಲಿಗೇ ಬರುತ್ತಿದ್ದರು. ಮಕ್ಕಳು ರೈಲಿಗೆ ಓಡುತ್ತಿದ್ದವು, ದೊಡ್ಡವರು ಚಾಪೆ ಹಾಸುತ್ತಿದ್ದರು. ಪಕ್ಕದ ಚಾಪೆಯವರು ಯಾರೆಂದು ಗೊತ್ತಿಲ್ಲದಿದ್ದರೂ ಒಂದು ಸೌಟು ಸಾರು ಆ ಕಡೆ ಹೋಗುತ್ತಿತ್ತು, ನಾಲ್ಕು ಒಬ್ಬಟ್ಟು ಈ ಕಡೆ ಬರುತ್ತಿತ್ತು. ಪಾರ್ಕಿನಲ್ಲಿ ಕೆಲಸ ಮಾಡುವವರಿಗೆ ಬಡಿಸದೆ ಯಾರೂ ಕೈ ತೊಳೆಯುತ್ತಿರಲಿಲ್ಲ.

ಹಾಗಾಗಿ ಭಾನುವಾರ ಅವ್ವ ಖಾಲಿ ಡಬ್ಬಿ ತೆಗೆದುಕೊಂಡು ಹೋಗಿ ತುಂಬಿದ ಡಬ್ಬಿ ತರುತ್ತಿದ್ದಳು. ಅಂದು ಸಂಜೆ ನಮ್ಮ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಅವ್ವ ಪರೀಕ್ಷೆ ಮಾಡುತ್ತಿದ್ದಳು. "ಇದು ಯಾವೂರ್ದು ಏಳು ನೋಡುವ?"

ಕಾಯಿ ಹೆಚ್ಚಿದ್ದರೆ ಚನ್ನರಾಯಪಟ್ಟಣದ ಕಡೆಯದು. ಹುಣಸೆ ಮುಂದಿದ್ದರೆ ಹಳ್ಳಿಮೈಸೂರಿನದು. ಮೆಣಸು ಗಂಟಲು ಹಿಡಿದರೆ ಅರಕಲಗೂಡಿನ ಕಡೆಯದು. ಇದು ಶಾಸ್ತ್ರವೇನಲ್ಲ, ಅವ್ವನ ಲೆಕ್ಕ. ಆದರೆ ಬಹಳ ಸಲ ಸರಿಯಾಗಿಯೇ ಇರುತ್ತಿತ್ತು.

ಕಾಲೇಜಿಗೆ ಹೋದ ಮೇಲೆ ನಾನು ಆ ಡಬ್ಬಿ ಮುಟ್ಟಲಿಲ್ಲ. ಮೊದಲ ವರ್ಷವೇ ಕ್ಲಾಸಿನ ಹುಡುಗಿಯೊಬ್ಬಳು, "ಮೊನ್ನೆ ಭಾನುವಾರ ನಿಮ್ಮಮ್ಮನ ಡಬ್ಬಿಗೆ ನಮ್ಮಜ್ಜಿನೇ ಪಲಾವ್ ಹಾಕಿದ್ದು ಕಣೆ, ಚೆನ್ನಾಗಿತ್ತಾ?" ಎಂದಳು. ಪಾಪ, ಅವಳಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಸುತ್ತ ನಾಲ್ಕು ಜನ ಇದ್ದರು. ನಾನು ಚೆನ್ನಾಗಿತ್ತು ಎಂದೆ. ಆ ವಾರದಿಂದ ಭಾನುವಾರ ಸಂಜೆ ನನಗೊಬ್ಬಳಿಗೆ ಅನ್ನ ಮಾಡಿಕೊಳ್ಳಲು ಶುರು ಮಾಡಿದೆ.

ಡಿಗ್ರಿ ಮುಗಿದ ಮೇಲೆ ಯಜಮಾನರು ಅದೇ ಪಾರ್ಕಿಗೆ ನನ್ನನ್ನು ಮ್ಯಾನೇಜರ್ ಮಾಡಿದರು. ಅವ್ವ ಗುಡಿಸುವ ಜಾಗದಲ್ಲಿ ನನಗೆ ಕುರ್ಚಿ, ಮೇಜು, ಮೇಲೊಂದು ಫ್ಯಾನು. ಮೊದಲ ದಿನ ಅವ್ವ ಆಫೀಸಿನ ಬಾಗಿಲಲ್ಲಿ ನಿಂತು, "ಮ್ಯಾನೇಜರಮ್ಮಾ, ಕಾಲೆತ್ತಿ, ಗುಡುಸ್ಬೇಕು" ಎಂದಳು. ಇಬ್ಬರೂ ನಕ್ಕೆವು.

ಎರಡು ವರ್ಷವೂ ಆಗಿರಲಿಲ್ಲ, ಚನ್ನರಾಯಪಟ್ಟಣದ ಆಚೆ ಹೆದ್ದಾರಿ ಬದಿಯಲ್ಲಿ ದೊಡ್ಡ ಥೀಮ್ ಪಾರ್ಕ್ ಬರುತ್ತದೆ ಎಂಬ ಸುದ್ದಿ ಬಂತು. ಮೊದಲು ಯಾರೂ ನಂಬಲಿಲ್ಲ. ಆಮೇಲೆ ಅಷ್ಟೆತ್ತರದ ಕಬ್ಬಿಣದ ಕಂಬಗಳು ಎದ್ದವು, ಬಸ್ಸಿನಲ್ಲಿ ಹೋಗುವವರಿಗೆಲ್ಲ ಕಂಡವು. ಯಜಮಾನರು ನನ್ನನ್ನು ಕರೆದರು.

"ಏನವ್ವಾ, ಬಿ.ಕಾಂ. ಓದಿದ್ದೀಯ. ಆನೆ ಬರ್ತಾ ಐತೆ. ನಮ್ಮಂಥ ಇಲಿ ಏನ್ ಮಾಡ್ಬೇಕು ಹೇಳು."

"ಇಲೀನೂ ಸ್ವಲ್ಪ ಆನೆ ಥರ ಕಾಣ್ಬೇಕು ಸಾ" ಎಂದೆ.

ಈಗ ನೆನೆಸಿಕೊಂಡರೆ ನನಗೇ ನಗು ಬರುತ್ತದೆ. ಆಗ ಅದು ದೊಡ್ಡ ಮಾತು ಅನ್ನಿಸಿತ್ತು. ಯಜಮಾನರು ನನ್ನನ್ನು ಮೈಸೂರಿನ ಕಡೆಯ ಒಂದು ದೊಡ್ಡ ಪಾರ್ಕಿಗೆ ಕಳಿಸಿದರು, ನೋಡಿಕೊಂಡು ಬಾ ಎಂದು. ಅಲ್ಲಿ ಗೇಟಿನಲ್ಲೇ ಚೀಲ ತಪಾಸಣೆ ಮಾಡುತ್ತಿದ್ದರು. ಹೊರಗಿನ ತಿಂಡಿ ಒಳಗೆ ಬಿಡುತ್ತಿರಲಿಲ್ಲ. ಒಳಗಡೆ ಸಾಲು ಸಾಲು ಅಂಗಡಿ, ಎಲ್ಲೂ ಒಂದು ಎಂಜಲೆಲೆ ಇಲ್ಲ. ಇದೇ ಸರಿಯಾದ ಪಾರ್ಕು ಅನ್ನಿಸಿತು. ಬಂದವಳೇ ಪಟ್ಟಿ ಬರೆದು ಕೊಟ್ಟೆ. ಕ್ಯಾಂಟೀನ್ ಆಗಬೇಕು, ಬುತ್ತಿ ನಿಲ್ಲಬೇಕು. ಪಾರ್ಕಿನ ಆದಾಯಕ್ಕೆ ಎಂದು ಯಜಮಾನರಿಗೆ ಹೇಳಿದೆ. ಒಳಗೆ ಇದ್ದದ್ದು ಇನ್ನೊಂದು ಕಾರಣ. ಅವ್ವನ ಡಬ್ಬಿಗೆ ಯಾರೂ ಏನೂ ಹಾಕಬಾರದು.

ಹಾಸನದ ಒಬ್ಬರಿಗೆ ಕ್ಯಾಂಟೀನ್ ವಹಿಸಿದೆವು. ಗೇಟಿಗೆ ಹಳದಿ ಬೋರ್ಡು ಬರೆಸಿದೆವು: ಹೊರಗಿನ ಆಹಾರಕ್ಕೆ ಪ್ರವೇಶವಿಲ್ಲ.

ಬೋರ್ಡು ಹಾಕಿದ ಮೊದಲ ಭಾನುವಾರ ಅರಕಲಗೂಡಿನ ಕಡೆಯ ಮಲ್ಲಿಪಟ್ಟಣದಿಂದ ಒಂದು ಟೆಂಪೋ ಬಂತು. ಮೊಮ್ಮಗನಿಗೆ ಮುಡಿ ತೆಗೆಸಿ ಬಂದವರು. ಪ್ರತಿ ವರ್ಷ ಒಂದಲ್ಲ ಒಂದು ನೆಪಕ್ಕೆ ಬರುತ್ತಿದ್ದ ಮನೆಯವರು. ಮುಂದೆ ಅಜ್ಜಿ, ಅವರ ಹಿಂದೆ ಮಗ, ಅವನ ಕೈಯಲ್ಲಿ ಬಟ್ಟೆ ಸುತ್ತಿದ ಮುದ್ದೆಯ ಪುಟ್ಟಿ. ಕೋಳಿ ಸಾರಿನ ಡಬರಿಯನ್ನು ಇನ್ನಿಬ್ಬರು ಹಿಡಿದಿದ್ದರು. ನಾನೇ ಗೇಟಿನಲ್ಲಿದ್ದೆ.

"ಅಜ್ಜಿ, ಹೊರಗಿನ ಊಟ ಒಳಗೆ ಬಿಡಲ್ಲ. ಒಳಗೆ ಕ್ಯಾಂಟೀನ್ ಮಾಡಿದ್ದೀವಿ."

"ನಮ್ಮನೇಲಿ ಬೇಯ್ಸಿದ್ದು ಒರಗಿಂದಾ? ನಿನ್ ಕ್ಯಾಂಟೀನ್ನೋನು ಯಾವೂರೋನೋ ಏನೋ, ಅವಂದು ಒಳಗಿಂದಾ?"

"ರೂಲ್ಸು ಅಜ್ಜಿ."

ಮಗ ಹೇಳಿದ, "ಓಗ್ಲಿ ಬಾರವ್ವ, ಓದ್ದೋರ್ ಜತೆ ಏನ್ ಮಾತು."

"ಯಾಕ್ಲಾ, ಓದ್ದೋಳ್ಗೆ ಒಟ್ಟೆ ಇಲ್ವೇನ್ಲಾ?" ಎಂದು ಅಜ್ಜಿ ನನ್ನ ಮುಖ ನೋಡಿದರು. ಬೈಯಲಿಲ್ಲ. ತಿರುಗಿ ಹೋಗಿ ರಸ್ತೆಯಾಚೆಯ ಹುಣಸೆ ಮರದ ಕೆಳಗೆ ಚಾಪೆ ಹಾಸಿಸಿದರು. ಅಲ್ಲಿಂದಲೇ ಕೂಗಿದರು, "ಯವ್ವಾ, ಗುಡ್ಸೋಳೇ! ಬಾರವ್ವ, ಉಣ್ಣಾನ."

ಅವ್ವ ಪೊರಕೆ ಗೋಡೆಗೆ ಒರಗಿಸಿ ಸೆರಗಿಗೆ ಕೈ ಒರೆಸಿಕೊಂಡಳು.

"ಅವ್ವ, ಡ್ಯೂಟಿ ಟೈಮು" ಎಂದೆ.

"ಡ್ಯೂಟಿ ಎಲ್ಲೂ ಓಗಾಕಿಲ್ಲ. ಮುದ್ದೆ ಆರೋಯ್ತದೆ. ನೀನು ನಿನ್ ರೂಲ್ಸ್ ತಿನ್ಕೊಂಡಿರು."

ಅವಳು ಹೋಗಿ ಅವರ ಜೊತೆ ಕೂತು ಉಂಡು ಬಂದಳು. ಮುಂದಿನ ಭಾನುವಾರದಿಂದ ಮನೆಯಿಂದಲೇ ಡಬ್ಬಿ ಕಟ್ಟಿಕೊಂಡು ಬರತೊಡಗಿದಳು. ನಾನು ಬಯಸಿದ್ದು ಅದೇ ಆಗಿತ್ತು. ನೋಡಿದಾಗ ಮಾತ್ರ ಸಂತೋಷವಾಗಲಿಲ್ಲ.

ನಮ್ಮ ಕಡೆಯ ಜನ ಜಗಳವಾಡಿ ಹೋದರೆ ಮತ್ತೆ ಬರುತ್ತಾರೆ. ಸುಮ್ಮನೆ ಹೋದರೆ ಬರುವುದಿಲ್ಲ. ವಾರ ವಾರವೂ ಚಾಪೆಗಳು ಕಡಿಮೆಯಾದವು. ಅಷ್ಟರಲ್ಲಿ ದೊಡ್ಡ ಪಾರ್ಕು ಶುರುವಾಯಿತು. ಒಂದು ಸಲವಾದರೂ ನೋಡಬೇಕೆಂದು ಎಲ್ಲರೂ ಆ ಕಡೆ ಹೋದರು. ಶಾಲೆಯ ಬಸ್ಸುಗಳು ನಮ್ಮ ಗೇಟಿನ ಮುಂದೆ ಹಾರ್ನ್ ಹೊಡೆದುಕೊಂಡು ಹಾಗೇ ಹೋದವು.

ನಮ್ಮ ರೈಲು ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರಿದ್ದರು. ಹಾಸನ, ಅರಕಲಗೂಡಿನ ಪಾರ್ಕುಗಳ ಆಟದ ಸಾಮಾನೂ ಅವರದೇ ಜವಾಬ್ದಾರಿ. ಅವರು ಬಂದರೆ ಸುತ್ತಲ ಪಾರ್ಕುಗಳ ಸುದ್ದಿ ಬರುತ್ತಿತ್ತು.

"ಅರಕಲಗೂಡಲ್ಲಿ ತಿರುಗೋ ತೊಟ್ಲು ನಿಲ್ಸವ್ರೆ ಮೇಡಂ. ಹಾಸನದಲ್ಲಿ ಒಬ್ರು ಆಟದ ಸಾಮಾನೆಲ್ಲ ಬಿಚ್ಚಾಕಿ ಛತ್ರಕ್ಕೆ ಬಾಡಿಗೆ ಕೊಟ್ರು. ಸರ್ಕಾರಿ ಪಾರ್ಕ್‌ಗೇನೂ ಆಗಿಲ್ಲ ಬುಡಿ, ಅಲ್ಲಿ ವಾಕಿಂಗ್ ಮಾಡೋರು, ಕಡ್ಲೆಕಾಯಿ ತಿನ್ನೋರು ಮೊದ್ಲಂಗೇ ಅವ್ರೆ. ದುಡ್ಡಾಕಿ ಒಳೀಕೆ ಓಗೋವು ಇದಾವಲ್ಲ, ಅವಕ್ಕೇ ಒಡ್ತ ಬಿದ್ದಿರೋದು."

ಕ್ಯಾಂಟೀನಿನವರು ಒಂದು ಸೋಮವಾರ ಒಲೆ ಎತ್ತಿಕೊಂಡು ಹೋದರು. ಯಜಮಾನರು ಪಾರ್ಕಿಗೆ ಬಂದು ಒಂದು ಸುತ್ತು ಹಾಕಿ, ಮಾವಿನ ಮರದ ಕೆಳಗೆ ನಿಂತು ಹೇಳಿದರು, "ಸಂಕ್ರಾಂತಿ ತನಕ ನೋಡ್ತೀನಿ ಕಣವ್ವಾ. ಆಗ್ಲಿಲ್ಲಾಂದ್ರೆ ಸೈಟ್ ಮಾಡ್ಬುಡ್ತೀನಿ. ನಿನ್ಗೇನು, ಡಿಗ್ರಿ ಐತೆ, ಆ ದೊಡ್ಡ ಪಾರ್ಕಲ್ಲೇ ಕೆಲ್ಸ ಸಿಕ್ತದೆ."

ನನಗೆ ಸಿಗುತ್ತಿತ್ತು. ಅವ್ವನಿಗೆ ಸಿಗುತ್ತಿರಲಿಲ್ಲ. ಅಲ್ಲಿ ಗುಡಿಸುವುದಕ್ಕೂ ವಯಸ್ಸು ಕೇಳುತ್ತಿದ್ದರು. ಹದಿನೈದು ವರ್ಷ ನೀರು ಹಾಕಿದ ಮರಗಳ ಜಾಗದಲ್ಲಿ ಸೈಟಿನ ಕಲ್ಲು ನಿಲ್ಲುತ್ತದೆ ಎಂದು ಅವ್ವನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ, "ಆ ನೇರಳೆ ಮರಾನೂ ಕುಯ್ತಾರಾ?"

ಸಂಕ್ರಾಂತಿಗೆ ಇನ್ನೊಂದು ತಿಂಗಳಿರುವಾಗ ನಾನೂ ಅವ್ವನೂ ದೊಡ್ಡ ಪಾರ್ಕು ನೋಡಲು ಹೋದೆವು. "ನಮ್ಮನ್ನ ತುಳಿದಿರೋ ಆನೆ ಎಂಗೈತೆ ನೋಡ್ಬುಡಾನ ನಡಿ" ಎಂದು ಅವ್ವನೇ ಹೊರಟಳು. ಬೇಡವೆಂದರೂ ಚಿತ್ರಾನ್ನ ಕಟ್ಟಿಕೊಂಡಿದ್ದಳು. ಗೇಟಿನ ಕಾವಲುಗಾರ ಹಳ್ಳಿಮೈಸೂರಿನ ಕಡೆಯ ಮನುಷ್ಯ. ಚೀಲ ಬಿಚ್ಚಿಸಿ, ಡಬ್ಬಿ ನೋಡಿ ಮುಖ ಸಣ್ಣ ಮಾಡಿಕೊಂಡ.

"ಒಳೀಕೆ ಬುಡಾಕಿಲ್ಲ ಕಣಮ್ಮ. ನಂಗೇನ್ ನಿಮ್ ಮ್ಯಾಲೆ ಕ್ವಾಪವಾ? ರೂಲ್ಸು."

ಅವ್ವ ನನ್ನ ಕಡೆ ತಿರುಗಿದಳು. "ಇವ್ರೂ ನಿನ್ನತ್ರವೇ ಕಲ್ತವ್ರೆ ಕಣೆ."

ಅವಳು ಡಬ್ಬಿ ಅಲ್ಲಿ ಬಿಟ್ಟು ಹೋಗಲು ಒಪ್ಪಲಿಲ್ಲ. ಮೊದಲು ಉಂಡೇ ಹೋಗೋಣ ಎಂದು ವಾಹನ ನಿಲ್ಲಿಸುವ ಜಾಗಕ್ಕೆ ಬಂದೆವು. ಅಲ್ಲಿ ನೋಡಿದರೆ ನಮ್ಮ ಪಾರ್ಕಿನ ಜನವೆಲ್ಲ ಇದ್ದರು. ಅವರೇ ಅಲ್ಲದಿದ್ದರೂ ಅಂಥವರೇ. ಬಿಸಿಲಲ್ಲಿ ಬಸ್ಸಿನ ನೆರಳು ಹುಡುಕಿಕೊಂಡು, ಡೀಸೆಲ್ ವಾಸನೆಯಲ್ಲಿ, ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಅವಸರವಾಗಿ ಉಣ್ಣುತ್ತಿದ್ದರು. ಒಬ್ಬ ಹೆಂಗಸು ನಲ್ಲಿ ಎಲ್ಲಿದೆ ಎಂದು ನಮ್ಮನ್ನು ಕೇಳಿದಳು. ಚಾಪೆ ಹಾಸುವಷ್ಟು ಜಾಗ ಇರಲಿಲ್ಲ, ಆದ್ದರಿಂದ ಸಾರು ಆ ಕಡೆ ಈ ಕಡೆ ಹೋಗಲೂ ಇಲ್ಲ.

ದೊಡ್ಡ ಪಾರ್ಕು ಚೆನ್ನಾಗಿದೆ. ಸುಳ್ಳು ಹೇಳಬಾರದು. ಅವ್ವ ದೊಡ್ಡ ಚಕ್ರದಲ್ಲಿ ಕೂತು ಕಣ್ಣು ಮುಚ್ಚಿಕೊಂಡೇ ಎರಡು ಸುತ್ತು ನಕ್ಕಳು. ನಮ್ಮ ಊರುಗಳ ಎಷ್ಟೋ ಜನಕ್ಕೆ ಅಲ್ಲಿ ಕೆಲಸ ಆಗಿದೆ. ಅಂಥದ್ದನ್ನು ಪುಟಾಣಿ ರೈಲು ಇಟ್ಟುಕೊಂಡು ನಾವು ಎದುರಿಸಲು ಆಗುತ್ತಿರಲಿಲ್ಲ. ಆದರೆ ಅಲ್ಲಿ ಎಲ್ಲ ಇದ್ದರೂ ಮನೆಯ ಅನ್ನ ಬಿಚ್ಚುವುದಕ್ಕೆ ನೆರಳು ಇರಲಿಲ್ಲ. ನಮ್ಮಲ್ಲಿ ಇದ್ದದ್ದು ಅದೊಂದೇ. ಅದರ ಬಾಗಿಲನ್ನು ನಾನೇ ಹಾಕಿದ್ದೆ.

ಮಾರನೆಯ ದಿನ ಯಜಮಾನರಿಗೆ ಫೋನ್ ಮಾಡಿ, "ತಪ್ಪು ನಂದೇ ಸಾ. ಬೋರ್ಡು ಕೀಳಿಸ್ತೀನಿ" ಎಂದೆ. ಅವರು, "ಕೀಳ್ಸು. ಸಂಕ್ರಾಂತಿ ಮಾತ್ರ ಸಂಕ್ರಾಂತಿನೇ" ಎಂದರು.

ಅದೇ ಹಳದಿ ಬೋರ್ಡಿಗೆ ಬಣ್ಣ ಬಳಿಸಿ ಬೇರೆ ಬರೆಸಿದೆ: ಬುತ್ತಿ ತನ್ನಿ. ನೆರಳಿದೆ, ನೀರಿದೆ. ಅರಕಲಗೂಡು, ಹೊಳೆನರಸೀಪುರದ ಕಡೆಯಿಂದ ದೊಡ್ಡ ಪಾರ್ಕಿಗೆ ಹೋಗುವವರು ನಮ್ಮ ಗೇಟಿನ ಮುಂದೆಯೇ ಹೋಗಬೇಕು. ಮೊದಲ ವಾರ ಎರಡು ಕಾರು ನಿಂತವು. ಆಮೇಲೆ ಒಂದು ಶಾಲೆಯ ಬಸ್ಸು ನಿಂತಿತು. ಮಕ್ಕಳು ಪುಳಿಯೋಗರೆ ತಿಂದು, ಕೈ ತೊಳೆದು, ಉಯ್ಯಾಲೆಯಲ್ಲಿ ಎರಡು ಸಲ ಜೀಕಿ ಹೋದರು. ರೈಲು ಯಾರಿಗೂ ಬೇಕಾಗಿರಲಿಲ್ಲ.

ಸಂಕ್ರಾಂತಿಯ ಹಿಂದಿನ ಭಾನುವಾರ ಯಜಮಾನರು ಬಂದು ಆಫೀಸಿನಲ್ಲಿ ಕೂತಿದ್ದರು. ಹನ್ನೊಂದೂವರೆಗೆ ಮಲ್ಲಿಪಟ್ಟಣದ ಟೆಂಪೋ ಬಂತು. ದೊಡ್ಡ ಪಾರ್ಕಿಗೆ ಹೊರಟವರು. ಅಜ್ಜಿ ಇಳಿದು, ಬೋರ್ಡನ್ನು ಮೊಮ್ಮಗಳ ಕೈಲಿ ಓದಿಸಿ ಕೇಳಿಸಿಕೊಂಡು, ಗೇಟಿನ ಹತ್ತಿರ ಬಂದು ನಿಂತರು.

"ಏನ್ ಕೂಸೆ, ಇವತ್ತು ನಮ್ದು ಒಳಗಿಂದಾ ಒರಗಿಂದಾ?"

"ಒಳಗಿಂದು ಅಜ್ಜಿ. ಬನ್ನಿ."

"ಅಂಗಾರೆ ಈ ಡಬರಿ ಒಂದ್ ಕೈ ಇಡ್ಕೊ. ಓದ್ದೋರ್ ಕೈಗೂ ಒಸಿ ಮಸಿ ಆಗ್ಲಿ."

ಹಿಡಿದುಕೊಂಡೆ. ಯಜಮಾನರು ಕಿಟಕಿಯಿಂದ ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮರಗಳ ಕೆಳಗೆ ಎಂಟೋ ಹತ್ತೋ ಚಾಪೆ ಬಿದ್ದಿದ್ದವು. ಅಜ್ಜಿಯ ಮಗ ಯಜಮಾನರನ್ನೂ ಎಳೆದುಕೊಂಡು ಹೋದ. ಯಜಮಾನರು ಮಾಂಸ ತಿನ್ನುವವರಲ್ಲ. ಪಕ್ಕದ ಚಾಪೆಯವರು ಅವರಿಗೆ ಮೊಸರನ್ನ ಬಡಿಸಿದರು. ಅವರು ಉಂಡು ಬಂದು ಕೈ ಒರೆಸಿಕೊಳ್ಳುತ್ತಾ, "ರೈಲು ಮಾರ್ಬುಡ್ತೀನಿ ಕಣವ್ವಾ, ಗುಜರಿಗೆ. ದೋಣೀನೂ ಓಗ್ಲಿ. ಮರ ಇರ್ಲಿ" ಎಂದರು. "ನಿನ್ ಹಳೇ ಸಂಬಳ ಕೊಡಕ್ಕಾಗಲ್ಲ, ಕಮ್ಮಿ ಆಗ್ತದೆ. ಇರ್ತೀಯಾ?"

ಇರುತ್ತೇನೆ ಎಂದೆ. ಇನ್ನೂ ಇದ್ದೇನೆ. ಎಷ್ಟು ವರ್ಷ ಹೀಗೆ ನಡೆಯುತ್ತದೋ ಗೊತ್ತಿಲ್ಲ. ದೊಡ್ಡ ಪಾರ್ಕಿನವರು ನಾಳೆ ನಾಲ್ಕು ಮರ ನೆಟ್ಟು ಬೆಂಚು ಹಾಕಿದರೆ ನಮ್ಮ ಕಥೆ ಬೇರೆಯೇ ಆಗಬಹುದು. ಮರ ಬೆಳೆಯುವುದಕ್ಕೆ ಒಂದಷ್ಟು ವರ್ಷ ಬೇಕು ಎಂಬುದೇ ಧೈರ್ಯ.

ಆ ಭಾನುವಾರ ಸಂಜೆ ಅವ್ವ ತುಂಬಿದ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟಳು. ಮುಚ್ಚಳ ತೆಗೆದು ನನ್ನ ಮುಂದಕ್ಕೆ ತಳ್ಳಿದಳು. ಕಾಲೇಜಿಗೆ ಸೇರಿದ ಮೇಲೆ ಅದಕ್ಕೆ ನಾನು ಕೈ ಹಾಕಿದ್ದು ಅವತ್ತೇ. ಒಂದು ತುತ್ತು ಬಾಯಿಗಿಟ್ಟೆ. ಮೆಣಸು ಗಂಟಲು ಹಿಡಿಯಿತು.

"ಮಲ್ಲಿಪಟ್ಣದ್ದು" ಎಂದೆ ಕೆಮ್ಮುತ್ತಾ.

"ಪರ್ವಾಗಿಲ್ಲ, ಅದೊಂದ್ ಮರ್ತಿಲ್ಲ" ಎಂದು ಅವ್ವ ಪೊರಕೆ ತೆಗೆದುಕೊಂಡಳು. ಹೊರಗೆ ಎಂಜಲೆಲೆಗಳು ಬಹಳ ಬಿದ್ದಿದ್ದವು.