ಆ ಎರಡೇಟಿನ ನಿಲುಗಡೆ ನನ್ನದು

ಸರ್ವಮಂಗಳ, ಅವತ್ತು ನೀನು ಹೇಳಿದ್ದೇ ನಿಜ. ನಾನು ಹೇಳಿದ್ದು ಸುಳ್ಳು. ಕಮಲಾಕ್ಷಿ ಟೀಚರ್ ಕಟ್ಟಿದ ಬ್ಯಾಲೆಗಳಲ್ಲಿ, ಕುಣಿತದ ವೇಗ ಏರುವ ಮೊದಲು ತಾಳದ ಎರಡೇಟು ನಿಲ್ಲುವ ಪದ್ಧತಿ ಇರಲೇ ಇಲ್ಲ. ಅದು ನನ್ನ ಮಣಿಕಟ್ಟಿನ ಪದ್ಧತಿ. ಹತ್ತು ಜನರ ಮುಂದೆ, ಅವರು ಹಿಡಿದ ಮೊಬೈಲಿನ ಮುಂದೆ, ಅದನ್ನು ಟೀಚರ್ ಹೆಸರಿಗೆ ಹಚ್ಚಿದವನು ನಾನು. ನಿನ್ನನ್ನು ಸುಳ್ಳುಗಾತಿ ಮಾಡಿದವನೂ ನಾನೇ.

ಈ ಪತ್ರ ಎಲ್ಲರೂ ಓದಲೆಂದೇ ಬರೆದದ್ದು, ಹಾಗಾಗಿ ಓದುವವರಿಗೆ ಸ್ವಲ್ಪ ಹೇಳಬೇಕು. ನಿಟ್ಟುವಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ಕಮಲಾಕ್ಷಿ ಟೀಚರ್ ಮಿಲ್ ಕಾರ್ಮಿಕರ ಹೆಣ್ಣುಮಕ್ಕಳಿಗೆ ನೃತ್ಯ ಕಲಿಸುತ್ತಿದ್ದರು. ವರ್ಷಕ್ಕೊಂದು ನೃತ್ಯರೂಪಕ ಆಡಿಸುತ್ತಿದ್ದರು — ಊರಿನವರ ಬಾಯಲ್ಲಿ ಅದು ಬ್ಯಾಲೆ. ನಾನು ಕೊಕ್ಕನೂರಿನ ಭಜನೆಯಲ್ಲಿ ಕೈ ಪಳಗಿಸಿಕೊಂಡವನು. ಎಸ್ಸೆಸ್ಸೆಲ್ಸಿ ಮುಗಿಸಿ ಹಗಲು ಮಿಲ್ಲಿನಲ್ಲಿ ಕೆಲಸ, ಸಂಜೆ ಅವರ ತರಗತಿಗೆ ಮೃದಂಗ. ಟೀಚರ್ ಎಂದೂ ಹುಡುಗಿಯರ ಮುಂದೆ ನಿಲ್ಲುತ್ತಿರಲಿಲ್ಲ. ಹಿಂದೆ, ಗೋಡೆಗೆ ಮುಖ ಮಾಡಿ ನಿಂತು, ಕಾಲಿನ ಸದ್ದು ಕೇಳುತ್ತಿದ್ದರು. "ಏನವ್ವಾ, ನಿನ್ನ ಎಡಗಾಲು ಇನ್ನೂ ಮನ್ಯಾಗೇ ಐತೆ, ಹೋಗಿ ಕರ್ಕಂಡು ಬಾ" ಎಂದು ತಿರುಗದೆಯೇ ಹೇಳುತ್ತಿದ್ದರು.

ಅವರ ದೊಡ್ಡ ವಿದ್ಯೆ ಒಂದೇ. ಎರಡನೇ ಕಾಲದಿಂದ ಮೂರನೇ ಕಾಲಕ್ಕೆ, ಅಂದರೆ ವೇಗ ದುಪ್ಪಟ್ಟಾಗುವಲ್ಲಿ, ಎಲ್ಲೂ ತಡೆಯದೆ ದಾಟಿಸುವುದು. ವೇಗ ಯಾವಾಗ ಏರಿತೆಂದು ನೋಡುವವನಿಗೆ ತಿಳಿಯಲೇಬಾರದು. ನೀನು ಕಲಿಯುತ್ತಿದ್ದ ತಂಡಕ್ಕೆ ಅದು ಕೂಡಿಬರಲು ವರ್ಷವೇ ಹಿಡಿಯಿತು.

ನೀನು ಮದುವೆಯಾಗಿ ಹರಿಹರಕ್ಕೆ ಹೋದ ಮೇಲೆ ನನ್ನ ಬಲಗೈಯ ಮಣಿಕಟ್ಟು ಬಿಗಿಯತೊಡಗಿತು. ಒಂದು ಸಂಜೆ, ವೇಗ ಏರಬೇಕಾದಲ್ಲಿ, ಕೈ ನಿಂತೇ ಹೋಯಿತು — ಎರಡೇಟು. ಹುಡುಗಿಯರು ಎಡವಿದರು. ಟೀಚರ್ ನನ್ನತ್ತ ನೋಡಲೂ ಇಲ್ಲ. "ಅಲ್ಲಿ ಎರಡೇಟು ನಿಂತು, ಉಸಿರು ತಗಂಡು ಮುಂದಕ್ಕೆ ಹೋಗ್ರೇ" ಎಂದರು, ಅಷ್ಟೆ. ಮರುದಿನವೂ ಹಾಗೆಯೇ. ಅವರು ತರಗತಿ ಮುಚ್ಚುವವರೆಗೂ ಹಾಗೆಯೇ. ಬೇರೆ ಮೃದಂಗದವರನ್ನು ಕರೆಯಬಹುದಿತ್ತು, ಕರೆಯಲಿಲ್ಲ. ನಾನೇ ಬಿಟ್ಟು ಹೋಗಬಹುದಿತ್ತು — ಹೋಗಲಿಲ್ಲ. ನನ್ನ ಮಾನ ಉಳಿಸಲು ಅವರು ತಾವು ಕಟ್ಟಿದ್ದನ್ನು ತಾವೇ ಮುರಿದರು. ನಾನು ಅದನ್ನು ನೋಡುತ್ತಾ ಬಾರಿಸುತ್ತಾ ಕುಳಿತೆ.

ಟೀಚರ್ ತೀರಿಕೊಂಡ ಮೇಲೆ, ಕಡೆಯ ತಂಡದ ರೇಣುಕಾ — ಈಗ ಶಾಮನೂರಿನಲ್ಲಿ ತರಗತಿ ನಡೆಸುವವಳು — ಹಳೆಯ ವಿದ್ಯಾರ್ಥಿನಿಯರನ್ನೆಲ್ಲ ಕೂಡಿಸಿದಳು. ಟೀಚರ್ ಒಂದಕ್ಷರ ಬರೆದಿಟ್ಟಿರಲಿಲ್ಲ. ಅವರ ಪಾಠಕ್ರಮವನ್ನು ಎಲ್ಲರ ನೆನಪಿನಿಂದ ಹೆಕ್ಕಿ ಪುಸ್ತಕ ಮಾಡಬೇಕೆಂದು ಅವಳ ಆಸೆ. ಒಳ್ಳೆಯ ಕೆಲಸವೇ. ಆದರೆ ಆ ಭಾನುವಾರಗಳು! ಟೀಚರ್ ಕೋಲು ಯಾವ ಕೈಯಲ್ಲಿ ಹಿಡಿಯುತ್ತಿದ್ದರು ಎಂಬುದಕ್ಕೇ ಒಂದು ಮಧ್ಯಾಹ್ನ ಹಾಳಾಯಿತು. ಒಬ್ಬಳು ಎಡ ಅಂದಳು, ಇನ್ನೊಬ್ಬಳು ಬಲ, ಮತ್ತೊಬ್ಬಳು ಕೋಲೇ ಇರಲಿಲ್ಲ ಎಂದಳು. ಟೀಚರನ್ನು ನೆನೆಯುತ್ತಿದ್ದಾರೋ, ತಮ್ಮ ಬಾಲ್ಯವನ್ನು ಹೊಗಳಿಕೊಳ್ಳುತ್ತಿದ್ದಾರೋ — ನನಗೆ ತಲೆ ಚಿಟ್ಟು ಹಿಡಿದಿತ್ತು.

ಅಂಥದೇ ಒಂದು ಭಾನುವಾರ ಈ ನಿಲುಗಡೆಯ ಮಾತು ಬಂತು. ರೇಣುಕಾ ಅದಕ್ಕೆ 'ಉಸಿರು ನಿಲುವು' ಎಂದು ಹೆಸರನ್ನೂ ಇಟ್ಟಾಗಿತ್ತು. ನೀನು ಎದ್ದು ನಿಂತೆ.

"ಟೀಚರ್ ಅಲ್ಲಿ ನಿಲ್ಲಿಸ್ತಿದ್ದಿಲ್ಲ ಕಣೇ. ಅಲ್ಲಿ ನಿಂತ್ರೆ ಅವ್ರ ವಿದ್ಯೆನೇ ಸತ್ತಂಗೆ."

"ನೀ ಮದ್ವೆ ಮಾಡ್ಕಂಡು ಹೋದಾಕಿ. ಕಡೀತನಕ ಇದ್ದೋರು ನಾವು. ನಿನಗೇನ್ ಗೊತ್ತೈತೆ?" ಎಂದಳು ರೇಣುಕಾ.

ನೀನು ನನ್ನ ಕಡೆ ತಿರುಗಿದೆ. "ಮೃದಂಗದಣ್ಣಾರ, ನೀವಾದ್ರೂ ಹೇಳ್ರಿ."

ನಿನ್ನ ತಂಡವಿದ್ದಾಗಲೂ ರೇಣುಕಾಳ ತಂಡವಿದ್ದಾಗಲೂ ಅಲ್ಲಿದ್ದವನು ನಾನೊಬ್ಬನೇ. ನಿಜ ಹೇಳಿದರೆ ನನ್ನ ಕೈ ಸೋತ ಕಥೆ ಹೇಳಬೇಕಿತ್ತು. "ಅದು ಟೀಚರ್‌ದೇ ಪದ್ಧತಿ. ಬೇಕಂತಲೇ ನಿಲ್ಲಿಸ್ತಿದ್ರು. ಸರ್ವಮಂಗಳಗೆ ಮರೆತಿರಬೇಕು" ಎಂದೆ. ಆ ಕೊನೆಯ ಮಾತು ಯಾರಿಗೂ ಬೇಕಿರಲಿಲ್ಲ. ಯಾಕೆ ಸೇರಿಸಿದೆನೋ — ಇಲ್ಲ, ಗೊತ್ತು. ನೀನು ಮತ್ತೆ ಬಾಯಿ ತೆರೆಯದಿರಲಿ ಎಂದು.

ನೀನು ಬ್ಯಾಗು ತೆಗೆದುಕೊಂಡು ಹೊರಟುಹೋದೆ. ಪುಸ್ತಕದಿಂದ ನಿನ್ನ ನೆನಪುಗಳನ್ನು ಪೂರ್ತಿ ತೆಗೆದರು.

ಹೋದ ತಿಂಗಳು ರೇಣುಕಾಳ ತರಗತಿಗೆ ಹೋಗಿದ್ದೆ. ಎಂಟು ಒಂಬತ್ತು ವರ್ಷದ ಮಕ್ಕಳು. ಕೈಕಾಲು ಗಟ್ಟಿ ಇರುವ ಮಕ್ಕಳು, ಚೆಂದವಾಗಿ ಕುಣಿಯುತ್ತಾ ಬಂದು, ವೇಗ ಏರಬೇಕಾದಲ್ಲಿ ರಸ್ತೆಯ ಹಂಪಿನ ಮುಂದೆ ಬ್ರೇಕ್ ಹಾಕಿದ ಬೈಕಿನ ಹಾಗೆ ಗಕ್ಕನೆ ನಿಂತವು. ನನ್ನ ರೋಗ ಆ ಮಕ್ಕಳ ಕಾಲಿಗೆ ಹತ್ತಿತ್ತು. ತಡೆಯಲಾಗಲಿಲ್ಲ. ರೇಣುಕಾಳಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ನಕ್ಕಳು! "ಅಣ್ಣಾರ, ವಯಸ್ಸಾತು ನಿಮಗೆ. ಅವತ್ತು ನೀವು ಹೇಳಿದ್ದು ರೆಕಾರ್ಡ್ ಐತೆ, ಕೇಳ್ರಿ" ಎಂದು ಮೊಬೈಲು ತೆಗೆದಳು. ನನ್ನದೇ ದನಿ, ಒಂದಿಷ್ಟೂ ನಡುಗದ ದನಿ. ಅದು ಸುಳ್ಳು ಕಣಮ್ಮಾ ಎಂದೆ. "ಹಂಗಾದ್ರೆ ಈಗ ಹೇಳೋದು ನಿಜ ಅಂತ ಹೆಂಗೆ ನಂಬ್ಲಿ?" ಎಂದಳು.

ಮೊದಲು ಅವಳ ಮೇಲೆ ಸಿಟ್ಟು ಬಂತು. ಎಂಥ ಮೊಂಡಿ ಎಂದು ವಾರವಿಡೀ ಗೊಣಗಿದೆ. ಆದರೆ ಅವಳ ತಪ್ಪೇನಿದೆ? ಕಲಿಸಿದ್ದನ್ನು ಕಲಿತಳು. ಕೇಳಬೇಕಾದವನನ್ನೇ ಕೇಳಿ ಬರೆದಳು. ಟೀಚರ್ ಹೇಳಿಕೊಟ್ಟದ್ದು ಈಗ ಉಳಿದಿರುವುದು ನಿನ್ನಲ್ಲಿ, ನಿನ್ನ ತಂಡದ ಒಂದಿಬ್ಬರಲ್ಲಿ. ನಾನು ಬಾಯಿ ಮುಚ್ಚಿಸಿದ್ದು ನಿನ್ನೊಬ್ಬಳದ್ದೇ ಅಲ್ಲ, ಅವರದ್ದೂ ಕೂಡ.

ಭಾನುವಾರ ಹರಿಹರಕ್ಕೆ ಬರುತ್ತೇನೆ. ರೇಣುಕಾಳನ್ನೂ ಕರೆದಿದ್ದೇನೆ. "ಬರ್ತೀನಿ, ನಂಬ್ತೀನಿ ಅಂತ ಮಾತ್ರ ಹೇಳಂಗಿಲ್ಲ" ಎಂದಿದ್ದಾಳೆ. ನೀನು ಬಾಗಿಲು ತೆರೆಯದಿದ್ದರೆ ಅದೂ ನ್ಯಾಯವೇ, ಹಿಂದಿರುಗುವ ಬಸ್ಸು ಹತ್ತುತ್ತೇನೆ. ತೆರೆದರೆ ನನ್ನ ಮಾತು ಕೇಳಬೇಡ. ನಿನಗೆ ಮಂಡಿ ನೋವಿದ್ದರೆ ಕುಳಿತಾದರೂ ಸರಿ, ನಿಲ್ಲದೆ ವೇಗ ಏರುವ ಆ ದಾಟು ಹೇಗಿತ್ತೆಂದು ಅವಳಿಗೆ ಒಮ್ಮೆ ತೋರಿಸು. ನಾನು ಹೊರಗೆ ಕಟ್ಟೆಯ ಮೇಲೆ ಕುಳಿತಿರುತ್ತೇನೆ.